ಎಡಕ್ಕೆ ಬಂದ ಆರು ಹೆಂಚು

ಪ್ರತಿವರ್ಷ ಮಳೆಗೆ ಮೊದಲು ದಾಂಡೇಲಿಯ ನಮ್ಮ ಮನೆಯ ಚಾವಣಿ ದುರಸ್ತಿಗೆ ಕೋಗಿಲಬನದಿಂದ ಮಾವ-ಅಳಿಯ ಬರುತ್ತಿದ್ದರು. ಅಳಿಯ ಮೇಲಿನಿಂದ, ತೊಳೆದು ಮತ್ತೆ ಹೊದಿಸಬೇಕಾದ ಹಳೆಯ ಹೆಂಚುಗಳನ್ನು ಒಂದೊಂದಾಗಿ ಎಸೆಯುತ್ತಿದ್ದ. ಕೆಳಗೆ ನಿಂತು ಹಿಡಿಯುತ್ತಿದ್ದವರು ಮಾವ. ಅವರು ಹಿಂದೆ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದವರು. ಪ್ರತಿ ಹೆಂಚಿಗೂ ಅಂಗೈಗಳನ್ನು ತೊಡೆಗೆ ಒರೆಸಿಕೊಂಡು, ಮೊಣಕಾಲು ಬಾಗಿಸಿ, “ನಂದು!” ಎಂದು ಕೂಗುತ್ತಿದ್ದರು.

“ನಿಮ್ದಲ್ಲದ ಮತ್ಯಾರದ್ರಿ ಮಾವಾರ? ಕೆಳಗ ನೀವೊಬ್ರ ಅದೀರಿ,” ಎಂದು ಅಳಿಯ ನಗುತ್ತಿದ್ದ.

ಹಿಂದಿನ ಎರಡು ವರ್ಷ ಅವರ ಕೈಯಿಂದ ಒಂದು ಹೆಂಚೂ ಜಾರಿರಲಿಲ್ಲ. ಈ ಸಲ ಮಧ್ಯಾಹ್ನದೊಳಗೆ ಆರು ಒಡೆದವು.

“ಇನ್ನೊಂದು ಒಡದ್ರ ನೀವು ಮನ್ಯಾಗ ಇರ್ರಿ. ನಾಳಿಂದ ಬ್ಯಾರೆಯವ್ರನ್ನ ಕರಕೊಂಡ ಬರ್ತೇನಿ,” ಎಂದ ಅಳಿಯ.

ಜಗಲಿಯಲ್ಲಿ ಕೂತು ಡೈರಿಯಲ್ಲಿ ಹೆಂಚುಗಳ ಲೆಕ್ಕ ಬರೆಯುತ್ತಿದ್ದ ನನ್ನ ಹತ್ತಿರ ಮಾವ ಬಂದರು. “ಏನ ಬರದಿ, ತಂಗಿ?”

“ನೂರಾ ಎಂಟು ಹಿಡದೀರಿ ಕಾಕಾ, ಆರು ಬಿಟ್ಟೀರಿ. ಆರೂ ನಿಮ್ಮ ಎಡಕ್ಕ ಬಂದಿದ್ವು.”

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನತ್ತ ನೋಡಿದರು. ಎಡಗಣ್ಣಿಗೆ ಬಿಳಿ ಪೊರೆ ಬಂದಿತ್ತು. “ನೀ ಹೌದೋ ಅಲ್ಲೋ ತಿಳೀವಲ್ದು. ಅವನ ಮುಂದ ಹೇಳಬ್ಯಾಡ,” ಎಂದರು.

ಊಟವಾದ ಮೇಲೆ ಅವರು ಜಾಗ ಬದಲಿಸಿದರು. ಗೋಲಿನ ಕಂಬಕ್ಕೆ ಒತ್ತಿ ನಿಲ್ಲುವಂತೆ, ಎಡಭುಜವನ್ನು ಗೋಡೆಗೆ ತಾಗಿಸಿ ನಿಂತರು. ಈಗ ಹೆಂಚುಗಳು ಅವರ ಬಲಗಡೆಗಷ್ಟೇ ಬರಲು ಸಾಧ್ಯವಿತ್ತು. ಉಳಿದ ಎಪ್ಪತ್ತೆರಡರಲ್ಲಿ ಒಂದೂ ಒಡೆಯಲಿಲ್ಲ.

“ಗ್ವಾಡಿಗ್ಯಾಕ ಹತ್ತಿ ನಿಂತೀರಿ ಮಾವಾರ?”

“ಇಲ್ಲಿ ನೆರಳೈತಪಾ.”

ಸಂಜೆ ಅವರು ಹೊರಡುವವರೆಗೂ ಆ ಗೋಡೆಯ ಮೇಲೆ ಬಿಸಿಲಿತ್ತು.