ಟರ್ಕಿ ತಂದವನ ಪ್ರಾರ್ಥನೆ

ಆ ಕೋಣೆಯ ಗೋಡೆ ಹಸಿರು ಎಂದು ಬರೆದು ಹೊಡೆದುಹಾಕಿದ್ದೇನೆ. ಬಣ್ಣ ನೆನಪಿಲ್ಲ. ಅಮೆರಿಕದ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ, ಎಲ್ಲರೂ ಮನೆಯಿಂದ ಅಡುಗೆ ತರಬೇಕು. ಇಷ್ಟು ಖಚಿತ.

ಏರ್ಪಾಟು ಎರಡನೇ ಮಹಡಿಯ ಅಮೆರಿಕನ್ ಅಜ್ಜನದು. ಈ ದೇಶ ಕಟ್ಟಿದವರು ಕ್ರೈಸ್ತರು, ಮೊದಲ ಬೆಳೆ ಕೈಗೆ ಬಂದಾಗ ಅವರು ಮಾಡಿದ್ದು ಪ್ರಾರ್ಥನೆ ಎಂದು ಅಜ್ಜ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ವರ್ಷ ಊಟದ ಪ್ರಾರ್ಥನೆಯನ್ನು ಹೊಸದಾಗಿ ಬಂದ ಕ್ರೈಸ್ತರೊಬ್ಬರಿಂದ ಹೇಳಿಸುತ್ತೇನೆ ಎಂದಿದ್ದರು.

ನನ್ನ ಹೆಂಡತಿಗೆ ಅದು ಬೇಕಿತ್ತು. ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ಊರಿನಲ್ಲಿ ನಮ್ಮನ್ನು ಹೊರಗಿನವರು ಎನ್ನುವವರಿದ್ದರು; ಇಲ್ಲಿ ಬಂದರೆ ಎಲ್ಲರೂ ನಮ್ಮನ್ನು ಹಿಂದೂಗಳೆಂದುಕೊಂಡರು. ಒಂದು ಸಲವಾದರೂ ಯಾರಿಗೂ ವಿವರಿಸದೆ ಕ್ರೈಸ್ತಳಾಗಿರಬೇಕು ಎಂಬುದು ಅವಳ ಆಸೆ. ಪಾತ್ರೆ ತೊಳೆಯುತ್ತಾ ಇಂಗ್ಲಿಷಿನಲ್ಲಿ ಪ್ರಾರ್ಥನೆ ಅಭ್ಯಾಸ ಮಾಡಿದಳು.

ಆದರೆ ಮೊದಲ ಬೆಳೆ ಎಂಬ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮಲ್ಲಿ ಹೊಸ ಬೆಳೆಗೆ ಮೊಂತಿ ಹಬ್ಬವಿದೆ. ಮರಿಯಮ್ಮನವರ ಹುಟ್ಟುಹಬ್ಬದಂದು ಇಗರ್ಜಿಯಿಂದ ತೆನೆ ತಂದು, ಮನೆಮಂದಿಯೆಲ್ಲ ಸಸ್ಯಾಹಾರ ಉಣ್ಣುವುದು. ಅವಳು ಹಾಗೆಯೇ ಮಾಡಿದಳು: ಅಲಸಂಡೆ, ಹೀರೆಕಾಯಿ, ಪಾಯಸ.

ಪಕ್ಕದ ಮನೆಯ ಮೈಸೂರಿನ ಹುಡುಗ, ಜನಿವಾರದವನು, ಆ ಹಬ್ಬಕ್ಕೆ ಅಮೆರಿಕನ್ನರು ಮಾಡುವ ಟರ್ಕಿ ಕೋಳಿಯನ್ನು ಇಡಿಯಾಗಿ ಹೊತ್ತು ತಂದ. ನಮ್ಮ ಪಾತ್ರೆಗಳ ಮುಚ್ಚಳ ತೆಗೆದು ನೋಡಿದ.

"ಏನಕ್ಕಾ, ಇವತ್ತು ಏಕಾದಶಿನಾ?"

"ಹೊಸ ಬೆಳೆಯ ಹಬ್ಬಕ್ಕೆ ಯಾರಾದ್ರೂ ಮಾಂಸ ತರ್ತಾರಾ ಮಾರಾಯ? ನಿನ್ನ ಅಮ್ಮನಿಗೆ ಗೊತ್ತುಂಟಾ?"

"ಅಮ್ಮ ವಿಡಿಯೋ ಕಾಲ್ ಮಾಡಿದ್ರೆ ಕುಂಬಳಕಾಯಿ ಅಂತೀನಿ."

ಅಜ್ಜ ಭಾಷಣ ಮುಗಿಸಿ ಮೇಜು ನೋಡಿದರು. ತರಕಾರಿ ನೋಡಿದರು, ಟರ್ಕಿ ನೋಡಿದರು. ಟರ್ಕಿ ತಂದವನ ಹೆಗಲ ಮೇಲೆ ಕೈಯಿಟ್ಟು, "ಪ್ರಾರ್ಥನೆ ನೀವು ಹೇಳಿ" ಎಂದರು. ಅವನು ಒಮ್ಮೆ ನನ್ನ ಹೆಂಡತಿಯನ್ನು ನೋಡಿದ. ಕಾನ್ವೆಂಟಿನಲ್ಲಿ ಓದಿದವನು, ಕಣ್ಣು ಮುಚ್ಚಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದ. ಎಲ್ಲರೂ ಆಮೆನ್ ಎಂದು ಕುರ್ಚಿ ಎಳೆದುಕೊಂಡರು.

ಹೆಂಡತಿ ಕೂರಲಿಲ್ಲ. ಎರಡೂ ಕೈಯಲ್ಲಿ ಪಾಯಸದ ಪಾತ್ರೆ ಇದ್ದುದರಿಂದ ಶಿಲುಬೆಯ ಗುರುತು ಮಾಡಲಾಗಲಿಲ್ಲ. ಅಭ್ಯಾಸ ಮಾಡಿದ ಇಂಗ್ಲಿಷನ್ನು ಬಿಟ್ಟು, ನಿಂತಲ್ಲೇ, ಊಟದ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಪೂರ್ತಿ ಹೇಳಿದಳು. ಟರ್ಕಿ ಆರುತ್ತಿತ್ತು.

"ಸುಂದರವಾಗಿತ್ತು," ಎಂದರು ಅಜ್ಜ, ಪಾಯಸ ಹಾಕಿಸಿಕೊಳ್ಳುತ್ತಾ. "ನಾವು ಎಲ್ಲ ಧರ್ಮಗಳನ್ನೂ ಗೌರವಿಸುತ್ತೇವೆ. ಇದು ನಿಮ್ಮ ಯಾವ ದೇವರಿಗೆ?"

"ಯೇಸುವಿಗೆ," ಎಂದಳು. "ಈ ದೇಶ ಹುಟ್ಟುವ ಮೊದಲಿನಿಂದಲೂ. ಪಾಯಸ ಮಾತ್ರ ಅವರ ತಾಯಿ ಮರಿಯಮ್ಮನವರ ಹಬ್ಬದ್ದು."

"ಅಕ್ಕಾ, ತಾತ ತಿನ್ಲಿ ಬಿಡಿ," ಎಂದ ಮೈಸೂರಿನವನು, ಕನ್ನಡದಲ್ಲಿ.

ಅಜ್ಜನ ಚರ್ಚಿನಲ್ಲಿ ಮರಿಯಮ್ಮನಿಗೆ ಹಬ್ಬ ಮಾಡುವುದು ವಿಗ್ರಹಾರಾಧನೆಗೆ ಸಮ. ಅವರು ಚಮಚ ಕೆಳಗಿಟ್ಟರು. ಹಾಗೆಂದು ನನ್ನ ನೆನಪು. ಹೆಂಡತಿಯ ನೆನಪಿನಲ್ಲಿ ಅವರು ಬಟ್ಟಲು ಖಾಲಿ ಮಾಡಿ ಇನ್ನೊಮ್ಮೆ ಹಾಕಿಸಿಕೊಂಡರು. ಇಬ್ಬರಲ್ಲಿ ಒಬ್ಬರಿಗೆ ಆ ಸಂಜೆ ಹೀಗೆ ಮುಗಿಯುವುದು ಬೇಕಾಗಿದೆ. ಅದು ಯಾರು ಎಂದು ಹೇಳಲಾರೆ.

ಒಂದು ವಿಷಯದಲ್ಲಿ ಜಗಳವಿಲ್ಲ. ಅವಳ ಪ್ರಾರ್ಥನೆಗೆ ಆ ಮೇಜಿನಿಂದ ಬಂದದ್ದು ಒಂದೇ ಆಮೆನ್. ಅದು ಮೈಸೂರಿನವನದು. ನಾನು ಆಗ ಅಜ್ಜನ ಮುಖ ನೋಡುತ್ತಿದ್ದೆ.