ಎದೆಯೆತ್ತರದ ಹಂಚು

ಕಟ್ಟಿಗೆ ಒಲೆಯ ಮೇಲೆ ಒಂದೊಂದು ರೊಟ್ಟಿ ತಿರುವಿದಾಗಲೂ ಶರಣಮ್ಮ ತೋಳಿಗೆ ಕಣ್ಣು ಒರೆಸಿಕೊಳ್ಳುತ್ತಾರೆ. ಶಹಾಪುರದ ಹತ್ತಿರ ಕಾಲುವೆ ಪಕ್ಕದ ಊರಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವವರು. ಇನ್ನೂ ಹೊಗೆಯಲ್ಲಿ ಕೂತರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ನಾನು ಕೆಲಸ ಮಾಡುವ ಸಂಸ್ಥೆಯವರು ನನ್ನ ಜೊತೆ ಬಿಸಿಲೊಲೆ ಕಳಿಸಿದ್ದರು. ಕನ್ನಡಿ ಚೂರು ಅಂಟಿಸಿದ ಅದರ ದೊಡ್ಡ ತಟ್ಟೆ ಬಿಸಿಲನ್ನೆಲ್ಲ ಎದೆಯೆತ್ತರದ ಒಂದು ಹಂಚಿಗೆ ಬೀಳಿಸುತ್ತದೆ.

ಹಂಚು ಚೆನ್ನಾಗಿಯೇ ಕಾಯಿತು. ಶರಣಮ್ಮ ಕೂತು ರೊಟ್ಟಿ ಬಡಿದರು, ಎದ್ದು ನಿಂತು ಬೇಯಿಸಿದರು, ಮತ್ತೆ ಕೂತರು. ನಾಲ್ಕನೆಯ ರೊಟ್ಟಿಗೆ ಸೊಂಟ ಹಿಡಿದುಕೊಂಡರು.

“ಇದನ್ನ ಮಾಡಿದಾವ ಒಂದಿನಾನೂ ರೊಟ್ಟಿ ಬಡದಿಲ್ಲ ಬಿಡ್ರಿ.”

ನಾನು ಓದಿಕೊಂಡು ಬಂದಿದ್ದನ್ನು ಒಪ್ಪಿಸಿದೆ. “ಇದರ ನಕ್ಷೆ ಯಾರ ಸ್ವತ್ತೂ ಅಲ್ರಿ ಆಂಟಿ. ಯಾರ ಬೇಕಾದ್ರೂ ಮಾಡಿಕೋಬಹುದು, ತಿದ್ದಬಹುದು.”

“ಯಾರ ಬೇಕಾದ್ರೂ?”

“ಹೂಂ ರಿ.”

“ನೀವೂ?”

ಇಂಗ್ಲಿಷಿನಲ್ಲಿ ಆ ಸಾಲನ್ನು ಎಷ್ಟೋ ಸಲ ಓದಿದ್ದೆ. ಅದರಲ್ಲಿ ನಾನೂ ಸೇರಿದ್ದೇನೆ ಎಂದು ಹೊಳೆದಿರಲಿಲ್ಲ.

ಶರಣಮ್ಮ ಕಟ್ಟಿಗೆ ಒಲೆಯಿಂದ ಒಂದು ಇದ್ದಲಿ ತುಂಡು ಆರಿಸಿ ತಂದು ನನ್ನ ಕೈಗಿಟ್ಟು, ಅಂಗಳದ ಬಂಡೆ ತೋರಿಸಿದರು.

“ಹಂಗಾದ್ರ ನಾ ಕುಂತು ಬೇಯ್ಸೋಹಂಗ ತಿದ್ದಿ ಕೊಡ್ರಿ ಯವ್ವಾ. ಇಲ್ಲೇ ಬರೀರಿ, ನಾ ನೋಡ್ತೀನಿ.”