ಜಿನ್ ಇಲ್ಲದ ಗ್ಲಾಸು

ಯಾರಾದರೂ ಬಾಟ್ಲಿಯಿಂದ ನೇರವಾಗಿ ಗ್ಲಾಸಿಗೆ ದಾರು ಸುರಿಯುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸರ್ಕಾರಿ ದವಾಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿ ದುಡಿದವಳು ನಾನು. ಅಳತೆಯಿಲ್ಲದೆ ಯಾರಿಗೂ ಏನನ್ನೂ ಕುಡಿಸಿದವಳಲ್ಲ.

ನಮ್ಮವರು ನಾರಾಯಣಪುರದ ಡ್ಯಾಮಿನಲ್ಲಿ ನೌಕರಿಗಿದ್ದಾಗ ಕ್ವಾರ್ಟರ್ಸಿನಲ್ಲಿದ್ದೆವು. ದೊಡ್ಡ ಇಂಜಿನಿಯರರ ಹೆಂಡತಿ ಅಲ್ಲಿ ನನಗೆ ದಾರು ಅಳೆದು ಬೆರೆಸುವುದನ್ನು ಕಲಿಸಿಕೊಟ್ಟರು. ಎರಡು ಔನ್ಸ್ ಜಿನ್, ಒಂದು ಔನ್ಸ್ ನಿಂಬೆರಸ, ಮುಕ್ಕಾಲು ಔನ್ಸ್ ಸಕ್ಕರೆ ಪಾಕ, ಮೇಲೆ ಸೋಡಾ. ವಿಸ್ಕಿಯಾದರೆ ಸೋಡಾ ಬೇಡ, ಬರ್ಫ ಹಾಕಿ ಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ ಸೋಸಬೇಕು. ನಮ್ಮ ಕಂಪೌಂಡರ್ ಮಿಕ್ಸ್ಚರ್ ಬೆರೆಸುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಔಷಧಿ ಅಳೆಯುವ ಔನ್ಸ್ ಗ್ಲಾಸು ಮನೆಯಲ್ಲಿತ್ತು, ಅದನ್ನೇ ಬಳಸಿದೆ. ಪಾಕವನ್ನು ಹಿಂದಿನ ದಿನವೇ ಕಾಸಿ ಸೋಸಿ ಇಡುತ್ತಿದ್ದೆ. ನಿಂಬೆಹಣ್ಣನ್ನು ಮಾತ್ರ ಆಗಿಂದಾಗಲೇ ಹಿಂಡಬೇಕು, ತಾಸು ಕಳೆದರೆ ರಸ ಕಹಿಯಾಗುತ್ತದೆ. ನಾನು ಕುಡಿಯುವವಳಲ್ಲ. ಚಮಚೆಯಲ್ಲಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ, ಅಷ್ಟೇ.

ನಿವೃತ್ತಿಯಾಗಿ ಯಾದಗಿರಿಗೆ ಬಂದ ಮೇಲೆ ಶನಿವಾರದ ಬೈಠಕ್ ಶುರುವಾಯಿತು. ಸಂಜೆ ಏಳಕ್ಕೆ ಕೂಡುವುದು, ಎಂಟೂವರೆಗೆ ಊಟ, ಒಬ್ಬೊಬ್ಬರಿಗೆ ಎರಡೇ ಗ್ಲಾಸು. ಶಹಾಪುರದಿಂದ ಮೈದುನ ಬರುತ್ತಿದ್ದ. ಅವನಿಗೆ ಅಲ್ಲಿ ಗೊಬ್ಬರದ ಅಂಗಡಿಯಿದೆ. ಸುರಪುರದಿಂದ ನಮ್ಮವರ ಗೆಳೆಯರಾದ ಉರ್ದು ಶಾಲೆಯ ಮಾಸ್ತರು ಬರುತ್ತಿದ್ದರು. ದೀನಿನಲ್ಲಿ, ಅಂದರೆ ಅವರ ಧರ್ಮದಲ್ಲಿ, ಕೂಡದೆಂದು ಮಾಸ್ತರು ಮುಟ್ಟುವವರಲ್ಲ, ಅವರಿಗೆ ನಿಂಬೆ ಸೋಡಾ. ಇಷ್ಟು ವರ್ಷದಲ್ಲಿ ಅವರಿಗೆ ಒಬ್ಬರೂ ಒಂದು ಹನಿ ಒತ್ತಾಯ ಮಾಡಿದ್ದನ್ನು ನಾನು ಕಂಡಿಲ್ಲ. ಇದನ್ನು ಯಾಕೆ ಹೇಳುತ್ತೇನೆಂಬುದು ಮುಂದೆ ತಿಳಿಯುತ್ತದೆ.

ಹೋದ ವರ್ಷ ನಮ್ಮವರ ಕಾಲು ಬಾತವು. ಕಲಬುರಗಿಯ ಡಾಕ್ಟರು ತಪಾಸಣೆ ಮಾಡಿಸಿ, ಲಿವರ್ ಕೆಟ್ಟಿದೆ, ಇನ್ನು ಒಂದು ಚಮಚೆಯೂ ಕೂಡದು, ಕುಡಿದರೆ ನನ್ನ ಹತ್ತಿರ ಬರಬೇಡಿ ಎಂದುಬಿಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮವರು ನನ್ನ ಕೈ ಹಿಡಿದು ಕೇಳಿಕೊಂಡಿದ್ದು ಒಂದೇ: ಇದು ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಅಯ್ಯೋ ಪಾಪ ಎನ್ನುತ್ತಾರೆ, ಕುಡುಕ ಎನ್ನುತ್ತಾರೆ, ಶನಿವಾರ ಯಾರೂ ಬರುವುದಿಲ್ಲ.

ನಾನು ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ನನಗೆ ನನ್ನ ಮೇಲೆಯೇ ಇನ್ನೂ ಸಿಟ್ಟಿದೆ. ನಮ್ಮವರು ವಿಸ್ಕಿ ಬಿಟ್ಟು ಜಿನ್ನಿಗೆ ಬಂದರೆಂದು ಎಲ್ಲರಿಗೂ ಹೇಳಿದೆವು. ಜಿನ್ನಿಗೆ ಬಣ್ಣವಿಲ್ಲ. ಅವರ ಗ್ಲಾಸಿಗೆ ನಿಂಬೆ, ಪಾಕ, ಸೋಡಾ ಹಾಕಿ, ಎಲ್ಲರ ಗ್ಲಾಸಿನಂತೆ ಒಂದು ನಿಂಬೆ ಹೋಳು ಸಿಕ್ಕಿಸಿ, ಗುರುತಿಗೆಂದು ತಟ್ಟೆಯ ಎಡಮೂಲೆಗೆ ಇಡುತ್ತಿದ್ದೆ. ವಾರ್ಡಿನಲ್ಲಿ ಚೀಟಿ ಹಚ್ಚದ ಬಾಟ್ಲಿ ಕಂಡರೆ ಹೊಸ ಹುಡುಗಿಯರನ್ನು ನಿಲ್ಲಿಸಿ ಬೈಯುತ್ತಿದ್ದವಳು ನಾನು. ಅದೇ ನಾನು ಎಂಟು ತಿಂಗಳು ಚೀಟಿಯಿಲ್ಲದ ಗ್ಲಾಸು ಕೊಟ್ಟೆ.

ಅತ್ತಿಗೆಯಾದ ನನಗೆ ವೈನಿ ಎನ್ನುವ ಮೈದುನ ಪ್ರತಿ ವಾರ ಚಾಷ್ಟಿ ಮಾಡುತ್ತಿದ್ದ. ಅಣ್ಣ ಹೆಂಗಸರ ದಾರು ಕುಡಿಯುತ್ತಾನೆ, ವೈನಿ ಇಂಜೆಕ್ಷನ್ನಿನಂತೆ ಅಳೆದು ಕೊಡುತ್ತಾಳೆ, ಇದು ಮನೆಯೋ ದವಾಖಾನೆಯೋ ಎನ್ನುತ್ತಿದ್ದ. ನಮ್ಮವರೂ ನಗುತ್ತಿದ್ದರು. ನಾನು ತುಟಿ ಬಿಗಿಹಿಡಿದು ಗ್ಲಾಸು ತೊಳೆಯುತ್ತಿದ್ದೆ.

ಬ್ಯಾಸಿಗೆಯ ಒಂದು ಶನಿವಾರ ನಾನು ಬರ್ಫ ತರಲು ಒಳಗೆ ಹೋಗಿದ್ದೆ. ಮೈದುನ ತನ್ನದು ಮುಗಿಸಿದವನು, ಸಣ್ಣಂದಿನ ರೂಢಿಯಂತೆ, ಅಣ್ಣನ ಗ್ಲಾಸನ್ನೆತ್ತಿ ಒಂದು ಗುಟುಕು ಎಳೆದ. ನಾನು ಹೊರಗೆ ಬರುವಷ್ಟರಲ್ಲಿ ಅವನು ಗ್ಲಾಸು ಮೇಲೆತ್ತಿ ಹಿಡಿದು ಮಾಸ್ತರರಿಗೆ ತೋರಿಸುತ್ತಿದ್ದ.

"ಶರಬತ್ತು! ಬರೇ ಶರಬತ್ತದ ನೋಡ್ರಿ ಮಾಸ್ತರ್ರೆ. ವೈನಿ ನಮ್ಮ ಅಣ್ಣಗ ಮೋಸ ಮಾಡಾಕತ್ತಾರ!"

ನಾನು ಬಾಯಿ ತೆರೆಯುವ ಮೊದಲೇ ತಾನು ತಂದಿದ್ದ ವಿಸ್ಕಿ ಬಾಟ್ಲಿ ಬಗ್ಗಿಸಿ ಆ ಗ್ಲಾಸಿಗೆ ಸುರಿದ. ಅಳತೆ ಇಲ್ಲ, ಏನಿಲ್ಲ, ಅರ್ಧ ಗ್ಲಾಸು. ತಗೋ ಅಣ್ಣಾ, ಹೆಂಡತಿಗೆ ಅಂಜಬೇಡ ಎಂದು ಕೈಗೆ ಕೊಟ್ಟ. ನಮ್ಮವರು ನನ್ನ ಮುಖ ನೋಡಲಿಲ್ಲ. ತಮ್ಮನ ಮುಖ ನೋಡಿ ನಕ್ಕರು. ಗ್ಲಾಸು ತುಟಿಗೆ ಒಯ್ದರು.

ಒಯ್ದರಲ್ಲ! ಅದನ್ನು ನಾನು ಮರೆಯುವುದಿಲ್ಲ. ತಮ್ಮನ ನಗೆಗೆ ಬೆಲೆ ಕೊಟ್ಟು ಪ್ರಾಣ ಕೊಡಲು ಹೊರಟಿದ್ದರು.

ನಾನು ಗ್ಲಾಸು ಕಸಿದುಕೊಂಡು ಅಂಗಳದ ಮೋರಿಗೆ ಚೆಲ್ಲಿದೆ. ತಿರುಗಿ ಬಂದು ಮೈದುನನ ಎದುರು ನಿಂತೆ.

"ನಿಮ್ಮಣ್ಣನ ಲಿವರ್ ಕೆಟ್ಟದ. ನೀ ಈಗ ಹಾಕಿದ್ದು ದಾರು ಅಲ್ಲ, ವಿಷ. ಮಾಸ್ತರ್ರು ಬ್ಯಾಡ ಅಂದ್ರ ಅವರ ದೀನಿಗೆ ಮರ್ಯಾದಿ ಕೊಟ್ಟು ಸುಮ್ಮಕಿರ್ತಿ. ಜೀವಕ್ಕ ಮರ್ಯಾದಿ ಇಲ್ಲೇನು?"

ಮೈದುನ ಬಾಟ್ಲಿಗೆ ಮುಚ್ಚಳ ತಿರುವುತ್ತ ಕುಳಿತ, ಅದು ಕೂಡುತ್ತಲೇ ಇರಲಿಲ್ಲ. ಮಾಸ್ತರರು ಭಾಭಿ, ಕೂಡ್ರಿ ಎಂದು ಮೆಲ್ಲಗೆ ಹೇಳಿದರು. ನಾನು ಕೂಡಲಿಲ್ಲ. ನಮ್ಮವರು ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಎಬ್ಬಿಸಲು ಹೋದರೆ, ನಾಲ್ಕು ಮಂದಿಯೊಳಗೆ ನನ್ನ ಮರ್ಯಾದೆ ತೆಗೆದೆ ಎಂದರು. ತಮ್ಮನ ಬಗ್ಗೆ ಒಂದು ಮಾತಿಲ್ಲ. ತಪ್ಪೆಲ್ಲ ನನ್ನದು.

ಐದು ಶನಿವಾರ ಯಾರೂ ಬರಲಿಲ್ಲ. ಏಳು ಗಂಟೆಗೆ ನಮ್ಮವರು ಅಂಗಿ ಬದಲಿಸಿ ಪಡಸಾಲೆಯಲ್ಲಿ ಕೂಡುತ್ತಿದ್ದರು, ಎಂಟಕ್ಕೆ ಎದ್ದು ಟಿವಿ ಹಚ್ಚುತ್ತಿದ್ದರು. ನನ್ನೊಡನೆ ಬೇಕಾದಷ್ಟೇ ಮಾತು. ಅವರು ಅಂಜಿದ್ದೇ ಆಯಿತಲ್ಲ ಎಂದು ನನಗೂ ಅನಿಸುತ್ತಿತ್ತು. ಅನಿಸಿದಷ್ಟೂ ಸಿಟ್ಟು ಏರುತ್ತಿತ್ತು. ಕುಡಿಯದವನ ಜೊತೆ ಒಂದೂವರೆ ತಾಸು ಕೂಡಲಾರದವರು ಇವರಿಗೆ ಎಂಥ ಬಂಧು ಬಳಗ?

ಆರನೆಯ ಶನಿವಾರ ಮಾಸ್ತರರೇ ಶಹಾಪುರದಲ್ಲಿ ಇಳಿದು ಮೈದುನನನ್ನು ಕರೆದುಕೊಂಡು ಬಂದರು. ಅವನು ಈ ಸಲ ಬಾಟ್ಲಿ ತರದೆ ಕೈಬೀಸಿಕೊಂಡು ಬಂದಿದ್ದ. ವೈನಿ, ಸಿಟ್ಟು ಬಿಡ್ರಿ ಎಂದ. ಬಿಡುವುದಿಲ್ಲ ಎಂದೆ. ಆದರೂ ಮನೆಗೆ ಬಂದವನು, ಮನೆಯಲ್ಲಿದ್ದ ಜಿನ್ನನ್ನೇ ಎರಡು ಔನ್ಸ್ ಅಳೆದು ಸರಿಯಾಗಿಯೇ ಬೆರೆಸಿ ಕೊಟ್ಟೆ. ಅವನು ಗ್ಲಾಸು ಹಿಡಿದುಕೊಂಡು ಅಣ್ಣನತ್ತ ಕಳ್ಳನಂತೆ ನೋಡುತ್ತಿದ್ದ, ಕುಡಿಯಲಿಲ್ಲ.

ನಮ್ಮವರು ತಟ್ಟೆಯಿಂದ ಮಾಸ್ತರರದಂಥದೇ ಒಂದು ನಿಂಬೆ ಸೋಡಾ ತೆಗೆದುಕೊಂಡರು.

"ಕುಡಿಯೋ, ಏನ್ ನೋಡ್ತಿ? ನನಗ ಡಾಕ್ಟರು ಬ್ಯಾಡಂದಾರ. ನಿನಗ ಯಾರು ಅಂದಾರ?"

ಅಷ್ಟೇ. ಮೂವರೂ ನಕ್ಕರು, ಮಾತು ಹತ್ತಿಯ ಬೆಲೆಗೆ ಹೊರಳಿತು. ಬಸ್ಸಿನಲ್ಲಿ ಕೈ ಹಿಡಿದು ಬೇಡಿಕೊಂಡ ಗುಟ್ಟು, ನಾನು ಎಂಟು ತಿಂಗಳು ಬೆವರು ಸುರಿಸಿ ಕಾಯ್ದ ಗುಟ್ಟು, ಇಷ್ಟು ಸಣ್ಣದಾಗಿತ್ತು. ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದು ಕೇಳಲು ಬಾಯಿಗೆ ಬಂತು. ಕೇಳಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಸದ್ದು ಪಡಸಾಲೆಗೆ ಕೇಳಲೆಂದೇ ಜೋರಾಗಿ ಬಡಿದೆ.